ನೂರಕ್ಕೆ ಎರಡು

ಅವನ ನಿಜವಾದ ಹೆಸರು ಹ್ಯಾಚರಿಯ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಎಲ್ಲರಿಗೂ ಅವನು ಹಗುರಗೈ. ಮೊಟ್ಟೆಯಿಂದ ಹೊರಬಂದು ಒಂದು ದಿನವೂ ತುಂಬದ ಕೋಳಿಮರಿ ಬೇರೆಯವರ ಕೈಯಲ್ಲಿ ಕಿರುಚಿ ರಂಪ ಮಾಡುತ್ತಿತ್ತು; ಇವನ ಕೈಗೆ ಬಂದರೆ ತೆಪ್ಪಗೆ ಕೂರುತ್ತಿತ್ತು. ಮರಿಯನ್ನು ಎಡಗೈಯಲ್ಲಿ ಹಿಡಿದು, ಹೊಟ್ಟೆಯ ಕೆಳಗೆ ಮೆಲ್ಲಗೆ ಒತ್ತಿ, ಮುಖದ ಮುಂದಿನ ಬಲ್ಬಿನ ಬೆಳಕಿಗೆ ಹಿಡಿದು ನೋಡಬೇಕು. ಸಾಸಿವೆ ಕಾಳಿಗಿಂತ ಚಿಕ್ಕದೊಂದು ಉಬ್ಬು ಕಂಡರೆ ಗಂಡು, ಕಾಣದಿದ್ದರೆ ಹೆಣ್ಣು. ಹೆಣ್ಣು ಬಲಗಡೆಯ ಪೆಟ್ಟಿಗೆಗೆ, ಪೆಟ್ಟಿಗೆಗೆ ನೂರರಂತೆ. ಗಂಡು ಎಡಗಡೆಯ ತಗಡಿನ ಇಳಿಜಾರಿಗೆ. ಇಳಿಜಾರಿನ ಕೊನೆಗೆ ಗೋಡೆ, ಗೋಡೆಯಾಚೆ ಯಂತ್ರ. ಮೊಟ್ಟೆಯ ತಳಿಯ ಗಂಡು ಮೊಟ್ಟೆಯನ್ನೂ ಇಡುವುದಿಲ್ಲ, ಮೈಯನ್ನೂ ತುಂಬಿಕೊಳ್ಳುವುದಿಲ್ಲ. ಅದಕ್ಕೆ ಒಂದು ದಿನದ ಆಯುಸ್ಸೇ ಸಾಕೆಂದು ತಿಳಿದವರು ತೀರ್ಮಾನಿಸಿದ್ದರು. ದಿನಕ್ಕೆ ನಾಲ್ಕು ಸಾವಿರ ಮರಿಗಳು ಅವನ ಕೈ ದಾಟುತ್ತಿದ್ದವು. ಅವನಿಗೆ ಆ ಅಡ್ಡಹೆಸರಿಟ್ಟವನು ತಮಾಷೆಗೆ ಇಟ್ಟನೋ, ಮೆಚ್ಚಿ ಇಟ್ಟನೋ, ದೇವರೇ ಬಲ್ಲ.

ಅವನ ತಾಯಿಯದು ಬೇರೆಯೇ ಲೋಕ. ಒಲೆಗೆ ಕಟ್ಟಿಗೆ ಇಡುವ ಮೊದಲು ಇರುವೆಗಳು ಉದುರಿ ಹೋಗಲೆಂದು ಮೂರು ಸಲ ನೆಲಕ್ಕೆ ಕುಟ್ಟುವ ಹೆಂಗಸು. ಬಿಸಿನೀರು ಚೆಲ್ಲುವಾಗ ಬಚ್ಚಲ ಬಾಯಲ್ಲಿ ನಿಂತು, “ಸರೀರಪ್ಪಾ, ಆಚೆ ಸರೀರಿ” ಎಂದು ಕಾಣದ ಹುಳುಗಳಿಗೆಲ್ಲ ಹೇಳಿ, ಅವು ಸಾವಕಾಶವಾಗಿ ಸರಿಯಲೆಂದು ಕಾದು, ಆಮೇಲೆ ಚೆಲ್ಲುತ್ತಿದ್ದಳು. ಅಷ್ಟರಲ್ಲಿ ನೀರು ಆರಿರುತ್ತಿತ್ತು. ಮಗ ಇದನ್ನು ಹೇಳಿಕೊಂಡು ನಗುತ್ತಿದ್ದ. ಆದರೆ ಅವಳೆದುರು ಸುಳ್ಳು ಹೇಳುವ ಧೈರ್ಯ ಅವನಿಗಿರಲಿಲ್ಲ. ಮೂವತ್ತು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ದಿನವೇ ಅದು ಎಂಥ ಕೆಲಸವೆಂದು ಇದ್ದದ್ದು ಇದ್ದಹಾಗೆ ಹೇಳಿಬಿಟ್ಟ. ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ಒಂದು ಗುಬ್ಬಚ್ಚೀನ ಸುಮ್ಮಸುಮ್ಮನೆ ಕೊಂದ್ರೂ ಅದು ಕೊನೇ ದಿನ ಅಲ್ಲಾಹನ ಮುಂದೆ ನಿಂತು ಕೂಗತ್ತಂತೆ. ಇವನು ಯಾವ ಉಪಯೋಗಕ್ಕೂ ಅಲ್ಲದೆ ನನ್ನನ್ನ ಕೊಂದ ಅಂತ. ಪ್ರವಾದಿಗಳು ಹೇಳಿದ ಮಾತು ಇದು. ನಿನ್ನ ಮುಂದೆ ದಿನಕ್ಕೆ ಎರಡು ಸಾವಿರ ಕೂಗ್ತಾವಲ್ಲೋ, ಎಷ್ಟು ಕಿವಿ ಇಟ್ಕೊಂಡಿದ್ದೀಯ?”

ಎರಡು ದಿನ ಅವಳು ಊಟ ಮಾಡಲಿಲ್ಲ. ಮೂರನೇ ದಿನ ಅವನಿಗೆ ಹ್ಯಾಚರಿಯ ನಿಯಮವೊಂದು ಹೊಳೆಯಿತು. ಎಂಥ ನುರಿತ ಕಣ್ಣೂ ತಪ್ಪುತ್ತದೆಂದು ಪೆಟ್ಟಿಗೆಗೆ ಎರಡು ತಪ್ಪು ಮಾಫಿ. ನೂರು ಹೆಣ್ಣಿನಲ್ಲಿ ಎರಡು ಗಂಡು ಸೇರಿಹೋದರೆ ಯಾರೂ ಕೇಳುವಂತಿಲ್ಲ. ಹಗುರಗೈಯ ಕಣ್ಣು ಮೊದಲ ದಿನದಿಂದಲೂ ತಪ್ಪುತ್ತಿರಲಿಲ್ಲ. ಹಾಗಾಗಿ ಆ ಎರಡು ತಪ್ಪುಗಳೂ ಅವನ ಸ್ವಂತ ಆಸ್ತಿಯಾಗಿ ಉಳಿದಿದ್ದವು. ಅಂದಿನಿಂದ ಪ್ರತಿ ಪೆಟ್ಟಿಗೆಗೂ ಕೈಗೆ ಸಿಕ್ಕ ಮೊದಲ ಎರಡು ಗಂಡುಮರಿಗಳನ್ನು ಬಲಗಡೆಗೆ ಬಿಡತೊಡಗಿದ. ಇದು ಬೇಕು, ಅದು ಬೇಡ ಎಂದು ಆರಿಸುವುದು ಅವನಿಂದ ಆಗುತ್ತಿರಲಿಲ್ಲ. ಮೊದಲು ಬಂದದ್ದಕ್ಕೆ ಬದುಕು ಎಂದು ಇಟ್ಟುಕೊಂಡ. ದಿನಕ್ಕೆ ಇಪ್ಪತ್ತು ಪೆಟ್ಟಿಗೆ, ನಲವತ್ತು ಮರಿ.

ಆ ಸಂಜೆ ತಾಯಿ ಉಂಡಳು. ಆಮೇಲೆ ಅದೇ ರೂಢಿಯಾಯಿತು. ಅವನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ, “ಇವತ್ತೆಷ್ಟು?” ಎನ್ನುವಳು. ನಲವತ್ತು ಎಂದರೆ, “ಆ ನಲವತ್ತು ನಿನ್ನ ಪರವಾಗಿ ಮಾತಾಡ್ತಾವೆ ಬಿಡು” ಎಂದು ತಟ್ಟೆಗೆ ಕೈ ಹಾಕುವಳು. ಕಾಲ ಕಳೆದು ಅವಳ ಕಣ್ಣು ಹೋಯಿತು, ಹಲ್ಲು ಹೋಯಿತು, ಪ್ರಶ್ನೆ ಹೋಗಲಿಲ್ಲ. ಅವನೂ ಆ ನಲವತ್ತರ ಮೇಲೆಯೇ ಬದುಕಿದ್ದ. ಎಲ್ಲೋ ಯಾರದೋ ಅಂಗಳದಲ್ಲಿ ಅವು ಮಣ್ಣು ಕೆದರುತ್ತ ಬೆಳೆಯುತ್ತಿವೆಯೆಂದು ನೆನೆದುಕೊಂಡರೆ ಅವನಿಗೆ ನಿದ್ದೆ ಬರುತ್ತಿತ್ತು.

ಮೊನ್ನೆ ಮರಿಗಳ ವ್ಯಾನಿನಿಂದ ಪೆಟ್ಟಿಗೆ ಇಳಿಸುವವನು ಜ್ವರ ಬಂದು ಮಲಗಿದ. ಒಂದು ದಿನದ ಮಟ್ಟಿಗೆ ಹಗುರಗೈಯನ್ನು ಕಳಿಸಿದರು. ಮೂವತ್ತು ವರ್ಷದಲ್ಲಿ ಅವನು ಮೊಟ್ಟೆಕೋಳಿಯ ಫಾರಂ ನೋಡಿದ್ದು ಅದೇ ಮೊದಲು. ಫಾರಮ್ಮಿನ ಯಜಮಾನಿ ಒಳ್ಳೆಯ ಹೆಂಗಸು. ಕೂರಿಸಿ ಚಹಾ ಕೊಟ್ಟಳು. ಕೊಡುತ್ತಲೇ ನಗುತ್ತ ದೂರಿದಳು: “ನಿಮ್ಮಲ್ಲಿ ಯಾರಿಗೋ ಕಣ್ಣು ಮಂದ ಕಣ್ರೀ. ಲೆಕ್ಕ ಹಾಕಿ ಇಟ್ಟಹಾಗೆ ಪೆಟ್ಟಿಗೆಗೆ ಎರಡು ಗಂಡು ಬರ್ತಾವೆ.”

ಅವನ ಎದೆ ಹಿಗ್ಗಿತು. ಅವೆಲ್ಲಿವೆ ಎಂದು ಮಕ್ಕಳನ್ನು ವಿಚಾರಿಸುವವನಂತೆ ಕೇಳಿದ. ಅವಳು ಶೆಡ್ಡಿನ ಹಿಂದಕ್ಕೆ ಕೈ ತೋರಿಸಿದಳು.

ಅಲ್ಲಿದ್ದದ್ದು ಒಡೆದು ಬತ್ತಿದ ಹಳೆಯ ನೀರಿನ ತೊಟ್ಟಿ, ಮೇಲೊಂದು ತಂತಿಯ ಬಲೆ. ಐದಾರು ವಾರಕ್ಕೆ ಜುಟ್ಟು ಕೆಂಪಾಗಿ ಗಂಡೆಂದು ಗೊತ್ತಾದವನ್ನು ಹಿಡಿದು ಅದರೊಳಗೆ ಹಾಕುತ್ತಾರೆ. ಸತ್ತ ಕೋಳಿ ಒಯ್ಯುವ ಗಾಡಿ ವಾರಕ್ಕೊಂದು ಸಲ ಬರುತ್ತದೆ. ಅಷ್ಟರಲ್ಲಿ ಮುಗಿದವು ಮುಗಿದಿರುತ್ತವೆ, ಉಳಿದವನ್ನೂ ಅದರಲ್ಲೇ ತುಂಬುತ್ತಾರೆ. ಅನ್ನವಿಲ್ಲ, ನೀರಿಲ್ಲ. ತೊಟ್ಟಿಯ ತುಂಬ ಕೊಕ್ಕು ತೆರೆದುಕೊಂಡ ಹುಂಜದ ಮರಿಗಳು, ಕೂಗಲೂ ತ್ರಾಣವಿಲ್ಲದೆ, ಬದುಕಿದ್ದವು ಸತ್ತವುಗಳ ಮೇಲೆ ನಿಂತಿದ್ದವು.

ಅವನು ಓಡಿಹೋಗಿ ಬಕೆಟ್ಟಿನಲ್ಲಿ ನೀರು ತಂದು, ಬಲೆ ಸರಿಸಿ, ಅಗಲವಾದ ತಗಡಿಗೆ ಸುರಿದು ಕೆಳಗಿಟ್ಟ. ಅವು ಒಂದೊಂದು ಗುಟುಕಿಗೂ ತಲೆ ಮೇಲೆತ್ತಿ ಕುಡಿದವು. ಹಕ್ಕಿಗಳು ಹಾಗೆ ಕುಡಿಯುವುದು ದೇವರಿಗೆ ಕೃತಜ್ಞತೆ ಹೇಳುವುದಕ್ಕೆ ಎಂದು ತಾಯಿ ಹೇಳುತ್ತಿದ್ದದ್ದು ನೆನಪಾಗಿ ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ.

“ನಾಳೆ ಗಾಡಿಗೆ ಹೋಗೋವಕ್ಕೆ ನೀರು ಯಾಕ್ರೀ?” ಎಂದಳು ಯಜಮಾನಿ, ನಿಜವಾಗಿಯೂ ಅರ್ಥವಾಗದೆ. ಎಲ್ಲ ಕಡೆಯೂ ಹೀಗೇನಾ ಎಂದು ಅವನು ಕೇಳಿದ. ಮತ್ತೆ ಹೇಗೆ, ಅವಕ್ಕೆ ಮೇವು ಹಾಕಿ ಯಾರು ಸಾಕುತ್ತಾರೆ ಎಂದಳು.

ವಾಪಸು ಬರುವಾಗ ದಾರಿಯುದ್ದಕ್ಕೂ ಅವನ ತಲೆಯಲ್ಲಿ ತಾಯಿ ಹೇಳಿದ ಇನ್ನೊಂದು ಕತೆ ಕೂತಿತ್ತು. ಬೆಕ್ಕೊಂದನ್ನು ಕಟ್ಟಿಹಾಕಿ, ತಾನೂ ತಿನ್ನಲು ಕೊಡದೆ, ಹುಳುಹುಪ್ಪಟೆ ಹಿಡಿದು ತಿನ್ನಲೂ ಬಿಡದೆ ಸಾಯಿಸಿ, ಅದೊಂದಕ್ಕೇ ನರಕಕ್ಕೆ ಹೋದ ಹೆಂಗಸಿನ ಕತೆ. ಅವಳದು ಒಂದು ಬೆಕ್ಕು. ಇವನದು ದಿನಕ್ಕೆ ನಲವತ್ತು, ಮೂವತ್ತು ವರ್ಷ. ಅದೂ ದಯೆಯಿಂದ.

ಕೆಲಸ ಬಿಡುವ ಯೋಚನೆ ಬರಲಿಲ್ಲವೆಂದಲ್ಲ. ಬಲ್ಬಿಗೆ ಸುಟ್ಟ ಕಣ್ಣಿಗೆ ಅಂಗೈಯ ಮರಿ ಬಿಟ್ಟರೆ ಬಸ್ಸಿನ ನಂಬರು ಕೂಡ ಕಾಣುವುದಿಲ್ಲ, ಬೇರೆ ಕೆಲಸ ಯಾರು ಕೊಡುತ್ತಾರೆ? ಅವನೆದ್ದರೆ ಆ ಸ್ಟೂಲು ಒಂದು ಗಂಟೆಯೂ ಖಾಲಿ ಇರುವುದಿಲ್ಲ. ಯಾವುದೋ ಒರಟು ಕೈ ಬಂದು ಕೂರುತ್ತದೆ.

ಮರುದಿನ ಅವನು ಎಂದಿನಂತೆ ಕೂತ. ಮೊದಲ ಗಂಡುಮರಿ ಅಂಗೈಯಲ್ಲಿ ಬೆಚ್ಚಗೆ ಕಣ್ಣು ಮುಚ್ಚಿತು. ಗೋಡೆಯಾಚೆಯ ಯಂತ್ರಕ್ಕೆ ರೆಪ್ಪೆ ಮಿಟುಕಿಸುವಷ್ಟು ಹೊತ್ತು ಸಾಕು, ತೊಟ್ಟಿಗೆ ಒಂದು ವಾರ ಬೇಕು. ಅವನು ಎಡಗಡೆಗೆ ಬಿಟ್ಟ. ಎರಡನೆಯದನ್ನೂ ಬಿಟ್ಟ. ತನ್ನಿಂದಾಗುವ ದಯೆ ಇನ್ನು ಇದೊಂದೇ ಎಂದು ಒಪ್ಪಿಕೊಂಡಾಗ ಅವನಿಗೆ ಅಳುವೂ ಬರಲಿಲ್ಲ.

ಸಂಜೆ ತಪಾಸಣೆಗೆಂದು ಸೂಪರ್‌ವೈಸರ್ ಐದು ಪೆಟ್ಟಿಗೆ ತೆರೆಸಿದ. ಒಂದೇ ಒಂದು ಗಂಡು ಸಿಗಲಿಲ್ಲ. ಎಲ್ಲರೆದುರು ಅವನ ಬೆನ್ನು ತಟ್ಟಿ, “ಮೂವತ್ತು ವರ್ಷಕ್ಕೆ ನಿಮ್ಮ ಕಣ್ಣು ತೆರೀತು ನೋಡಿ” ಎಂದ. ಜನ ಚಪ್ಪಾಳೆ ಹೊಡೆದರು.

ಮನೆಯಲ್ಲಿ ತಾಯಿ ತಟ್ಟೆಯ ಮುಂದೆ ಕೂತಿದ್ದಳು. “ಇವತ್ತೆಷ್ಟು?”

ಅವಳ ಕೈ ತಟ್ಟೆಯ ಅಂಚಿನಲ್ಲಿ ತಡೆದು ನಿಂತಿತ್ತು. ಎಂಬತ್ತು ದಾಟಿದ ಜೀವ, ಒಂದು ಹೊತ್ತಿನ ಉಪವಾಸವನ್ನೂ ತಾಳುವ ಮೈಯಲ್ಲ.

“ನಲವತ್ತು, ಅಮ್ಮಾ.”

ಆ ನಲವತ್ತು ನಿನ್ನ ಪರವಾಗಿ ಮಾತಾಡುತ್ತವೆ ಬಿಡು ಎಂದು ಅವಳು ನೆಮ್ಮದಿಯಿಂದ ಉಂಡಳು. ನೀರು ಕೇಳಿದಳು. ಅವನು ಲೋಟವನ್ನು ಅವಳ ತುಟಿಗೆ ಹಿಡಿದ. ಅವಳು ಒಂದು ಗುಟುಕು ಕುಡಿದು, ಕಾಣದ ಕಣ್ಣನ್ನು ಮೇಲೆತ್ತಿ ದೇವರಿಗೆ ಸ್ತುತಿ ಹೇಳಿ, ಆಮೇಲೆ ಕೇಳಿದಳು:

“ಇಷ್ಟು ಹೊತ್ತಿಗೆ ಅವಕ್ಕೂ ಯಾರಾದ್ರೂ ನೀರು ಇಟ್ಟಿರ್ತಾರೆ, ಅಲ್ಲೇನೋ?”