ಖಾರ ಹಾರಿದ ಪೆಟ್ಟಿಗೆ

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವವರು ಆ ಮಧ್ಯಾಹ್ನ ನಮ್ಮ ಮನೆಗೆ ಬರಬೇಕಿತ್ತು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಊರ ಭಜನೆಯಲ್ಲಿ ತಬಲಾ ನುಡಿಸುತ್ತಿದ್ದ ಅಪ್ಪನಿಗೆ ಕಿವಿ ಪೂರ್ತಿ ಹೋಗಿತ್ತು. ತಬಲಾಕ್ಕೆ ಬಟ್ಟೆ ಸುತ್ತಿ ಅಟ್ಟಕ್ಕೇರಿಸಿದ ಮೇಲೆ ಮಾತನ್ನೂ ಅಲ್ಲೇ ಇಟ್ಟುಬಂದವನಂತಿದ್ದ. "ಕಿವಿ ಹೋದ್ರ ಹೋಗ್ಲಿ, ಕೈಗೆ ಕೇಳಸ್ತೇನಿ" ಎಂದು ಅಣ್ಣ ಹಟ ಹಿಡಿದ. ರಾಣೆಬೆನ್ನೂರಿನಿಂದ ದಪ್ಪ ಹಲಗೆ, ಹಾವೇರಿಯಿಂದ ಊಟದ ತಟ್ಟೆಯಷ್ಟಗಲದ ಸ್ಪೀಕರ್ ತಂದು ತಗ್ಗು ಸದ್ದನ್ನು ಮೈಗೆ ತಟ್ಟುವಂತೆ ಹೊರಡಿಸುವ ಸಬ್‌ವೂಫರ್ ಪೆಟ್ಟಿಗೆ ಕಟ್ಟಲು ಕುಳಿತ. ಎಲ್ಲೂ ಗಾಳಿ ಸೋರಬಾರದು, ಸೋರಿದರೆ ದಮ್ಮು ಹೋಗುತ್ತದೆ ಎಂದು ಅಂಗಡಿಯವರು ಹೇಳಿ ಕಳಿಸಿದ್ದರು. ಸಂದುಸಂದಿಗೂ ಅಂಟು ಬಳಿದ. ಒಳಗೆ ಮೆತ್ತಗೆ ತುಂಬಲು ಹತ್ತಿ ಬೇಕಿತ್ತು. ನಮ್ಮೂರಲ್ಲಿ ಕೈಗೆ ಸಿಗುವುದು ಮೆಣಸಿನಕಾಯಿಯ ಖಾಲಿ ಚೀಲ. ಝಾಡಿಸಿ ಅದನ್ನೇ ತುರುಕಿದ.

ಹಿಂಬದಿಯ ತೂತಿನಿಂದ ವೈರು ಎಳೆದು ಆಂಪ್ಲಿಫೈಯರಿಗೆ ಕೊಟ್ಟು, ಅಪ್ಪನೇ ತಬಲಾ ನುಡಿಸಿದ್ದ ಹಳೆಯ ಭಜನೆಯ ಕ್ಯಾಸೆಟ್ ಹಾಕಿದ. ತಬಲಾದ ಮೇಲೆ ಎಡಗೈಯ ದಪ್ಪ ಪೆಟ್ಟು ಬಿದ್ದಾಗಲೆಲ್ಲ ಆ ತೂತಿನಿಂದ ಪುಸ್ ಎಂದು ಕೆಂಪು ಪುಡಿ. ಬೆಳಕಿಂಡಿಯ ಬಿಸಿಲುಕೋಲಿನಲ್ಲಿ ಅದು ಮೆಲ್ಲಗೆ ಏರಿ, ತಿರುಗಿ, ಇಳಿಯುತ್ತಿತ್ತು. ನಾನು ಬಾಯಿ ತೆರೆದು ನೋಡುತ್ತ ನಿಂತೆ. ಇವತ್ತಿಗೂ ಆ ಮಧ್ಯಾಹ್ನ ನನಗೆ ಕೆಂಪಾಗಿಯೇ ನೆನಪಾಗುತ್ತದೆ. ಆಮೇಲೆ ಮನೆಮಂದಿಯೆಲ್ಲ ತಾಳಕ್ಕೆ ಸರಿಯಾಗಿ ಸೀನಿದೆವು.

"ಪೆಟ್ಟಿಗಿ ಕಟ್ಟೀಯೋ, ಖಾರ ಕುಟ್ಟೂ ಗಿರಣಿ ಇಟ್ಟೀಯೋ?" ಎಂದಳು ಅವ್ವ.

ಅಪ್ಪ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ. ಕೈಗೆ ಏನೂ ಹತ್ತಲಿಲ್ಲವೆಂದು ತಲೆಯಾಡಿಸಿ ಎದ್ದುಹೋದ.

ಗಾಳಿ ಎಲ್ಲಿ ಸೋರುತ್ತಿದೆ ಎಂದು ಖಾರವೇ ತೋರಿಸಿಕೊಟ್ಟಿತ್ತಲ್ಲ! ಅಣ್ಣ ಮರದ ಹೊಟ್ಟಿಗೆ ಅಂಟು ಕಲಸಿ ವೈರಿನ ಸುತ್ತ ಗಟ್ಟಿಯಾಗಿ ಮೆತ್ತಿ ಒಣಗಲು ಬಿಟ್ಟ. ಮರುದಿನ ಅದೇ ಬಿಸಿಲು, ಅದೇ ಕ್ಯಾಸೆಟ್. ಪುಡಿ ಹಾರಲಿಲ್ಲ. ಕಾಲ ಕೆಳಗಿನ ನೆಲವೇ ಮೆಲ್ಲಗೆ ಮಿಡಿಯತೊಡಗಿತು.

ಅಣ್ಣ ಅಪ್ಪನನ್ನು ಕೈಹಿಡಿದು ತಂದು ಕೂರಿಸಿದ. ಅಪ್ಪ ಪೆಟ್ಟಿಗೆ ಮುಟ್ಟಿ ಕಣ್ಣುಮುಚ್ಚಿದ. ಬೆರಳು ಅಲುಗಿದವು, ಆಮೇಲೆ ಮಣಿಕಟ್ಟು. ಹಾಡಿನ ನಡುವೆ ಫಕ್ಕನೆ ಕೈ ನಿಲ್ಲಿಸಿ ನಕ್ಕುಬಿಟ್ಟ.

"ಇಲ್ಲೇ ನೋಡು, ಇಲ್ಲೊಂದು ಪೆಟ್ಟು ತಪ್ಪೇನಿ."

ಅಣ್ಣ ಕ್ಯಾಸೆಟ್ ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದ. ಖರೇ, ತಪ್ಪಿದ್ದ. ಇಷ್ಟು ವರ್ಷ ಕಿವಿಯಿಂದ ಕೇಳಿದ ನಮಗ್ಯಾರಿಗೂ ಗೊತ್ತಾಗಿರಲಿಲ್ಲ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಹಾಳ ಖಾರ, ಇನ್ನೂ ಹಾರಾಕತ್ತೈತಿ" ಎಂದಳು. ಪೆಟ್ಟಿಗೆಯಿಂದ ಒಂದು ಉಸಿರೂ ಹೊರಗೆ ಬರುತ್ತಿರಲಿಲ್ಲ.