ನಾಲ್ಕು ಬೆರಳಿನ ಜಾಗ

ಕಾಕಾರ ಬಲಗೈ ಬೆರಳುಗಳಿಗೆ ಸದಾ ಸೀಮೆಸುಣ್ಣದ ಪುಡಿ ಅಂಟಿರುತ್ತಿತ್ತು. ಅಥಣಿ ಹತ್ತಿರ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜೊಂದನ್ನು ನೋಡಿಕೊಳ್ಳುತ್ತಿದ್ದ ಅವರನ್ನು ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದರು. ಪೆಟ್ಟಿಗೆಗಳ ಸಾಲುಗಳ ನಡುವೆ ಗಾಳಿಯಾಡಲು ನಾಲ್ಕು ಬೆರಳು ಜಾಗ ಬಿಡಿಸಿ, ಅದರ ಎರಡೂ ಅಂಚಿಗೆ ನೆಲದ ಮೇಲೆ ಗೆರೆ ಎಳೆಯುತ್ತಿದ್ದರು. ಗೆರೆ ಇಲ್ಲದಿದ್ದರೆ ಹಮಾಲರು ಒತ್ತಿ ಒತ್ತಿ ಜೋಡಿಸಿಬಿಡುತ್ತಾರೆ, ಮಾಲು ಬೆವರುತ್ತದೆ ಎನ್ನುತ್ತಿದ್ದರು.

ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನಾನು ಅಲ್ಲಿನ ಬಾಗಿಲಿಗೆ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಒಳಗಿನ ಗುಂಡಿ ಒತ್ತಿದರೆ, ಕರೆಂಟ್ ಹೋಗಿದ್ದರೂ ಬ್ಯಾಟರಿಯಿಂದ ಬಾಗಿಲು ತೆರೆಯಬೇಕು. ಕರೆಂಟ್ ಇದ್ದರೆ ಗಂಟೆಯೂ ಬಾರಿಸಬೇಕು. ಅಷ್ಟೇ. ನಾನೋ ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯ ಭಕ್ತೆ. ಇದರಲ್ಲಿ ಕಂಸಗಳ ಕಾಟವಿಲ್ಲ, ಸಾಲಿನ ಮುಂದೆ ಬಿಟ್ಟ ಖಾಲಿ ಜಾಗವೇ ಯಾವ ಮಾತು ಯಾವುದರ ಕೆಳಗೆ ಎಂದು ತಿಳಿಸುತ್ತದೆ ಎಂದು ಅವರೆದುರು ಜಂಬ ಕೊಚ್ಚಿದೆ. ಕಾಕಾ ಪರದೆಯನ್ನು ಬಹಳ ಹೊತ್ತು ನೋಡಿದರು.

“ಖಾಲಿ ಜಾಗಾನ ಕೆಲಸಕ್ಕ ಹಚ್ಚೀದಿ, ಛಲೋ ಐತಿ ತಂಗಿ. ಆದ್ರ ಗೆರಿ ಎಲ್ಲೈತಿ? ಸರದ್ರ ಯಾರಿಗೆ ಕಾಣತೈತಿ?”

ಯಂತ್ರಕ್ಕೆ ಕಾಣುತ್ತದೆ ಎಂದು ನಕ್ಕೆ.

ಮುಂದಿನ ವಾರ ಏನೋ ತಿದ್ದಿ, ಪರೀಕ್ಷಿಸಲು ಇಬ್ಬರೂ ಒಳಗೆ ಹೋದೆವು. ಬಾಗಿಲು ಮುಚ್ಚಿಕೊಂಡಿತು. ಅಷ್ಟರಲ್ಲೇ ಕರೆಂಟ್ ಹೋಯಿತು. ಗುಂಡಿ ಒತ್ತಿದೆ, ಬ್ಯಾಟರಿಯ ಕೆಂಪು ದೀಪ ಉರಿಯುತ್ತಿತ್ತು, ಬಾಗಿಲು ಮಾತ್ರ ಅಲುಗಲಿಲ್ಲ. ಮತ್ತೆ ಮತ್ತೆ ಒತ್ತಿದೆ. ಫೋನಿಗೆ ಸಿಗ್ನಲ್ ಇಲ್ಲ. ಹಲ್ಲು ಕಟಕಟಿಸುತ್ತ ನಿಂತಾಗ ಹೊಳೆಯಿತು. ತಿದ್ದುವಾಗ ಬಾಗಿಲು ತೆರೆಯುವ ಸಾಲು ಒಂದಿಷ್ಟು ಒಳಗೆ ಸರಿದು, ‘ಕರೆಂಟ್ ಇದ್ದರೆ’ ಎಂಬುದರ ಕೆಳಗೆ ಸೇರಿಬಿಟ್ಟಿತ್ತು. ಯಂತ್ರಕ್ಕೆ ಕಂಡಿತ್ತು, ನನಗೆ ಕಂಡಿರಲಿಲ್ಲ. ತಪ್ಪು ನನ್ನದೇ ಎಂದು ಅಳುತ್ತ ಹೇಳಿದೆ. ಕಾಕಾ ತಮ್ಮ ಕಂಬಳಿ ನನಗೆ ಹೊದಿಸಿ, ನಿಲ್ಲದೆ ಅಡ್ಡಾಡು ಎಂದರು. ಪೆಟ್ಟಿಗೆಗಳ ಅಡಿಯ ಹಲಗೆಯೊಂದನ್ನು ಕಿತ್ತು ಬಾಗಿಲು ಬಡಿಯುತ್ತಲೇ ಇದ್ದರು. ದಮ್ಮಿನ ಕಾಯಿಲೆಯ ಮನುಷ್ಯ. ಬಡಿತಗಳ ನಡುವೆ ಅವರ ಉಸಿರು ಕೇಳಿ ನನಗೆ ಇನ್ನಷ್ಟು ಹೆದರಿಕೆಯಾಯಿತು.

ಊಟ ಮುಗಿಸಿ ಬಂದ ಹಮಾಲರು ಹೊರಗಿನ ಹಿಡಿ ಎಳೆದು ಬಾಗಿಲು ತೆಗೆದಾಗ ಮಾಲೀಕರೂ ಓಡಿ ಬಂದರು. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಹೇಳಿದರು:

“ಒಳಗಿನ ಕೊಂಡಿ ಹಿಡ್ಕೊಂಡಿತ್ರಿ. ಎಣ್ಣಿ ಹಾಕಿದ್ದಿಲ್ಲ, ನಂದೇ ತಪ್ಪ.”

ಮಾಲೀಕರು ಎಲ್ಲರೆದುರು ಅವರನ್ನು ಬೈದರು. ನಾನು ಅವರದೇ ಕಂಬಳಿ ಹೊದ್ದು ಸುಮ್ಮನೆ ನಿಂತಿದ್ದೆ.

ಅವತ್ತೇ ಆ ಸಾಲನ್ನು ಹೊರಗೆಳೆದೆ. ಅಂದಿನಿಂದ ಪ್ರೋಗ್ರಾಂನ ಪ್ರತಿ ಭಾಗದ ಕೊನೆಗೆ ‘ಇಲ್ಲಿಗೆ ಮುಗಿಯಿತು’ ಎಂದು ಬರೆಯುತ್ತೇನೆ. ಇದು ಬೇಕಿಲ್ಲ ಮೇಡಂ ಎಂದು ವಿದ್ಯಾರ್ಥಿಗಳು ನಗುತ್ತಾರೆ. ಬೇಕು ಎನ್ನುತ್ತೇನೆ, ಯಾಕೆಂದು ಹೇಳುವುದಿಲ್ಲ.

ಹೋದ ಚಳಿಗಾಲ ಕಾಕಾ ತೀರಿಕೊಂಡರು. ಮಣ್ಣಿಗೆ ಹೋದಾಗ ಮಾಲೀಕರು ನನ್ನ ಪಕ್ಕದಲ್ಲೇ ನಿಂತು, ಒಳ್ಳೆಯ ಮನುಷ್ಯ, ಒಮ್ಮೆ ಮಾತ್ರ ಕೊಂಡಿಗೆ ಎಣ್ಣೆ ಹಾಕುವುದು ಮರೆತಿದ್ದ ಎಂದರು. ಆಗಲೂ ನಾನು ಬಾಯಿ ಬಿಡಲಿಲ್ಲ.