ಹಗೇವಿನ ಬಾಯಿ ಮೇಲೆ

ದೆವ್ವ, ಗಾಳಿ, ಸತ್ತವರ ದನಿ ಇವನ್ನೆಲ್ಲ ನಾನು ನಂಬಿದವಳಲ್ಲ. ನಮ್ಮ ಓಣಿಯಲ್ಲಿ ಯಾವ ಹೆಣ್ಣುಮಗಳಿಗಾದರೂ ಗಾಳಿ ಬಡಿದಿದೆ ಎಂದರೆ, ಮೊದಲು ಆಕೆಗೆ ಹೊಟ್ಟೆ ತುಂಬ ಉಣ್ಣಲು ಹಾಕಿ, ಗಾಳಿಯ ಮಾತು ಆಮೇಲೆ ನೋಡೋಣ ಎನ್ನುತ್ತಿದ್ದೆ. ಫೋನಿನಲ್ಲಿ ಗುರುತು ಪರಿಚಯ ಇಲ್ಲದವರು ಹೇಳುವ ಬುದ್ಧಿಮಾತನ್ನೂ ನಂಬುತ್ತಿರಲಿಲ್ಲ. ಮುಖ ಕಾಣದವರ ಮಾತು ಕೇಳಿ ಸಾರಿಗೆ ಉಪ್ಪು ಹಾಕುವವಳು ನಾನಲ್ಲ. ಈ ಎರಡೂ ಒಂದೇ ಮಧ್ಯಾಹ್ನ ಅಲುಗಾಡಿದವು. ನಂಬಿಕೆ ಬಂತು ಎಂದು ಈಗಲೂ ಹೇಳುವುದಿಲ್ಲ. ಅಲುಗಾಡಿದವು, ಅಷ್ಟೇ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನನ್ನ ಶಾಲೆ ಕಡಿಮೆ, ಚಂದ ಮಾಡಿ ಹೇಳಲು ಬರುವುದಿಲ್ಲ.

ನಮ್ಮ ಊರು ಶಹಾಪುರ ತಾಲ್ಲೂಕಿನಲ್ಲಿದೆ, ದೋರನಹಳ್ಳಿಯಿಂದ ಸ್ವಲ್ಪ ಒಳಗೆ. ಮನೆಯಲ್ಲಿ ನಾನು, ಮಗ ಶರಣಪ್ಪ, ಸೊಸೆ ಮಹಾದೇವಿ, ಅವರ ಇಬ್ಬರು ಮಕ್ಕಳು. ನಮ್ಮ ಗೋಡೆಗೆ ಹಚ್ಚಿ ನನ್ನ ಮೈದುನ ಬಸಪ್ಪನ ಮನೆ. ಅವನ ಹೆಂಡತಿ ಗಂಗವ್ವ. ಅವರಿಗೆ ಮಕ್ಕಳಾಗಲಿಲ್ಲ. ಶರಣಪ್ಪನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಬಸಪ್ಪನೇ. ಎರಡೂ ಮನೆಗೆ ಅಂಗಳ ಒಂದೇ, ಬೇವಿನ ಗಿಡ ಒಂದೇ, ಜಗಳವೂ ಒಂದೇ.

ಸೊಸೆ ಸುರಪುರದವಳು, ಹತ್ತನೆಯ ತರಗತಿ ಓದಿದ್ದಾಳೆ. ಅವಳ ಫೋನಿನಲ್ಲಿ ಹೆಂಗಸರದೊಂದು ಗುಂಪು ಇತ್ತು. ಎಲ್ಲೆಲ್ಲಿಯವರೋ. ಒಬ್ಬರ ಮುಖ ಒಬ್ಬರು ಕಂಡಿಲ್ಲ. ಒಬ್ಬಳು ಕುಕ್ಕರಿನ ಸೀಟಿ ಕೂಗುತ್ತಿಲ್ಲ, ಏನು ಮಾಡಲಿ ಎಂದು ಕೇಳುತ್ತಾಳೆ. ಇನ್ನೊಬ್ಬಳು ಎಮ್ಮೆ ಹಾಲು ಕೊಡುತ್ತಿಲ್ಲ ಎನ್ನುತ್ತಾಳೆ. ರೇಷನ್ ಕಾರ್ಡಿನಲ್ಲಿ ಗಂಡನ ಹೆಸರು ತಪ್ಪಿದೆ, ಕೂಸಿಗೆ ಕೆಮ್ಮು, ಸೀರೆಗೆ ಎಣ್ಣೆ ಕಲೆ. ಕೇಳಿದ ಒಂದು ಗಳಿಗೆಗೆ ಹತ್ತು ಮಂದಿ ಉತ್ತರ ಹೇಳುತ್ತಾರೆ. ನಾನು ನಗುತ್ತಿದ್ದೆ.

"ಇವರ ಮನ್ಯಾಗ ಹಿರೇರೆಲ್ಲ ಸತ್ತು ಹೋಗ್ಯಾರೇನ? ಇದನ್ನೂ ಊರ ಮಂದೀನ ಕೇಳ್ತಾರಲ್ಲ."

"ಹಿರೇರನ್ನ ಕೇಳಿದ್ರ ಬೈತಾರ ಅತ್ತಿ," ಎಂದಳು ಸೊಸೆ. "ಇಲ್ಲಿ ಯಾರೂ ಬೈಯಂಗಿಲ್ಲ."

ನಾನು ಕಸಬರಿಗೆ ಎತ್ತಿಕೊಂಡು ಅಂಗಳಕ್ಕೆ ನಡೆದೆ.

ಆ ವರ್ಷ ಚೀಲದಲ್ಲಿಟ್ಟ ಜೋಳಕ್ಕೆ ಬಹಳ ನುಸಿ ಬಿತ್ತು. ಮಹಾದೇವಿ ಗುಂಪಿನಲ್ಲಿ ಕೇಳಿದಳು. ಬೇವಿನ ಸೊಪ್ಪು ಹಾಕಿ, ಬೂದಿ ಕಲಸಿ, ಬಿಸಿಲಿಗೆ ಹರವಿ ಎಂದೆಲ್ಲ ಬಂತು. ಅದರಲ್ಲಿ ಯಾರೋ ಒಬ್ಬರು, ನಿಮ್ಮ ಕಡೆ ಹಗೇವು ಇರುತ್ತವಲ್ಲ, ಅದರಲ್ಲಿ ಯಾಕೆ ಹಾಕಬಾರದು ಎಂದು ಬರೆದರು. ಬಸಪ್ಪನಿಗೆ ಇದು ಭಾರಿ ಹಿಡಿಸಿತು. ನಮ್ಮ ಅಂಗಳದಲ್ಲಿ ಹಳೆಯ ಹಗೇವು ಇತ್ತು. ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿ ಬಿಟ್ಟದ್ದು, ನನ್ನ ಗಂಡ ಇದ್ದಾಗಿನಿಂದ ಯಾರೂ ತೆಗೆದಿರಲಿಲ್ಲ.

ಹಗೇವು ಕಾಣದವರಿಗೆ ಹೇಳುತ್ತೇನೆ. ಅದು ನೆಲದೊಳಗಿನ ಕಣಜ. ಬಾಯಿ ಸಣ್ಣದು, ಒಬ್ಬರು ಇಳಿಯುವಷ್ಟು. ಒಳಗೆ ಗಡಿಗೆಯ ಹಾಗೆ ಅಗಲ, ಎರಡಾಳು ಆಳ. ಸುತ್ತ ಒಣಹುಲ್ಲು ಹಚ್ಚಿ ಜೋಳ ಸುರಿದು ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ಯಾಕೆಂದರೆ ಒಳಗೆ ಹುಳಕ್ಕೂ ಉಸಿರಿಲ್ಲ. ಹುಳಕ್ಕೆ ಇಲ್ಲದ ಉಸಿರು ಮನುಷ್ಯನಿಗೆ ಎಲ್ಲಿಂದ ಬರಬೇಕು? ಅದಕ್ಕೇ ಹಗೇವು ತೆಗೆದರೆ ಒಂದು ದಿನ ಹಾಗೇ ಬಾಯಿ ತೆರೆದು ಬಿಡುವುದು ಪದ್ಧತಿ. ಆಮೇಲೆ ಹಗ್ಗಕ್ಕೆ ಎಣ್ಣೆ ದೀಪ ಕಟ್ಟಿ ತಳ ಮುಟ್ಟುವ ತನಕ ಬಿಡುತ್ತಾರೆ. ದೀಪ ಆರಿದರೆ ಆವತ್ತು ಯಾರೂ ಇಳಿಯುವುದಿಲ್ಲ. ನಾನು ಸೊಸೆಯಾಗಿ ಬಂದಾಗ ಸಣಕಲಿ ಇದ್ದೆನೆಂದು ನನ್ನನ್ನೇ ಇಳಿಸುತ್ತಿದ್ದರು. ಒಳಗೆ ನಿಂತು ಮಾತಾಡಿದರೆ ದನಿ ಗಂವ್ ಎಂದು ಗುಂಯ್‌ಗುಡುತ್ತದೆ, ಮೇಲಿದ್ದವರಿಗೆ ಅರ್ಧ ತಿಳಿಯುವುದಿಲ್ಲ. ಈ ಮಾತು ನೆನಪಿಡಿ ಎಂದು ಕೇಳಿಕೊಳ್ಳುತ್ತೇನೆ.

ಮಹಾದೇವಿ ಮತ್ತೆ ಕೇಳಿದಳು: ಹಳೆಯ ಹಗೇವು ಇದೆ, ಜೋಳ ತುಂಬುವ ಮೊದಲು ಏನು ಮಾಡಬೇಕು? ಸಂಜೆ ಎಲ್ಲರೂ ಅಂಗಳದಲ್ಲಿ ಉಣ್ಣಲು ಕೂತಾಗ ಉತ್ತರ ಓದಿ ಹೇಳಿದಳು. ಒಳಗೆ ಬೇವಿನ ಸೊಪ್ಪಿನ ಹೊಗೆ ಹಾಕಿ, ಹುಳ ಹುಪ್ಪಡಿ ಎಲ್ಲ ಸಾಯುತ್ತವೆ ಎಂದು ಒಬ್ಬಾಕೆ ಬರೆದಿದ್ದಳು. ಅದಕ್ಕೆ ಬಹಳ ಮಂದಿ ಹೌದು ಹೌದು ಎಂದಿದ್ದರು. ಕೊನೆಗೆ ಇನ್ನೊಂದಿತ್ತು. ಬರೆದಾಕೆಯ ಫೋಟೋ ಇಲ್ಲ, ಊರಿಲ್ಲ. ಸೊಸೆ ಓದುತ್ತ ಓದುತ್ತ ದನಿ ಇಳಿಸಿದಳು.

"ದೀಪ ಬಿಡದೆ ಇಳಿಯಬೇಡಿ. ಒಬ್ಬರು ಬಿದ್ದರೆ ಇನ್ನೊಬ್ಬರು ಇಳಿಯಬೇಡಿ. ಒಳಗಿಂದ ಹೆಸರು ಹಿಡಿದು ಕರೆಯುತ್ತದೆ. ಬಿದ್ದವರ ದನಿಯೇ ಇರುತ್ತದೆ. ಆದರೂ ಇಳಿಯಬೇಡಿ."

ಗಂಗವ್ವ ತುತ್ತು ಕೈಯಲ್ಲೇ ಹಿಡಿದು ಕೂತಳು. ಬಸಪ್ಪ ಮಾತ್ರ ನಕ್ಕ. ಅವನು ಹೆಣದ ಮುಂದೆಯೂ ನಗಿಸುವ ಮನುಷ್ಯ.

"ನಾ ಒಳಗಿಂದ ಕರದ್ರ ಚಹಾ ಕೇಳಾಕತ್ತಾನ ಅಂತ ತಿಳೀರಿ. ಇಳೀಬ್ಯಾಡ್ರಿ, ಕಪ್ ಇಳಿಸ್ರಿ."

"ಸಾಕು ಬಿಡ್ರಿ, ಉಣ್ಣಾಗ ಎಂಥಾ ಮಾತು," ಎಂದಳು ಗಂಗವ್ವ.

ನಾನೂ ನಕ್ಕೆ. ಯಾರೋ ಕೆಲಸವಿಲ್ಲದವಳು ಹೆದರಿಸಲು ಬರೆದಿದ್ದಾಳೆ ಎಂದೆ.

ಮರುದಿನ ಬೆಳಿಗ್ಗೆ ಚಪ್ಪಡಿ ಸರಿಸಿದರು. ಆ ದಿನ ಹಾಗೇ ಬಿಟ್ಟರು, ಅದು ಸರಿಯಾಗಿಯೇ ನಡೆಯಿತು. ಅದರ ಮರುದಿನ ಬಸಪ್ಪ ಬೇವಿನ ಸೊಪ್ಪು, ಹುಲ್ಲು ಸುಟ್ಟು ಹೊಗೆ ಹಾಕಿದ. ಹೊಗೆ ನಿಂತ ಮೇಲೆ ಬೂದಿ, ಹಳೆಯ ಹೊಟ್ಟು ತೆಗೆಯಲು ಒಳಗೆ ಇಳಿಯಬೇಕು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಅಲ್ಲಿಂದಲೇ ಕೂಗಿದೆ.

"ಬಸಣ್ಣಾ, ದೀಪ ಬಿಟ್ಟೀಯೇನು?"

"ಬಿಟ್ಟೀನಿ ವೈನಿ. ಆರಿಲ್ಲ. ಝಗ್ ಅಂತ ಉರಿಯಾಕತ್ತದ."

ಸರಿ ಎಂದು ನಾನು ಇನ್ನೊಂದು ರೊಟ್ಟಿ ತಟ್ಟಿದೆ. ಅದು ಹಂಚಿನ ಮೇಲೆ ಇದ್ದಾಗಲೇ ಗಂಗವ್ವ ಚೀರಿದಳು.

ಓಡಿ ಹೋಗಿ ಬಗ್ಗಿ ನೋಡಿದೆ. ತಳದಲ್ಲಿ ಬೆಳಕಿತ್ತು. ಆ ಬೆಳಕಿನಲ್ಲಿ ಬಸಪ್ಪ ಹೊಟ್ಟಿನ ಮೇಲೆ ಬೋರಲು ಬಿದ್ದಿದ್ದ. ಪಕ್ಕದಲ್ಲಿ ಉರಿಯುತ್ತಿದ್ದದ್ದು ದೀಪವಲ್ಲ, ಕೈಬ್ಯಾಟರಿ. ಅವನು ಹಗ್ಗಕ್ಕೆ ಕಟ್ಟಿ ಬಿಟ್ಟು ನೋಡಿದ್ದು ಅದನ್ನೇ. ದೀಪ ಬಿಡುವುದು ಒಳಗೆ ಕಾಣಲಿ ಎಂದು, ಅಷ್ಟೇ ಅವನು ತಿಳಿದಿದ್ದ. ಅವನ ಕಾಲಕ್ಕೆ ಹಗೇವು ಇಳಿಯುವುದೇ ನಿಂತುಹೋಗಿತ್ತು. ಬ್ಯಾಟರಿಗೆ ಉಸಿರು ಬೇಕೇನು? ಅದು ಹೆಣದ ಪಕ್ಕದಲ್ಲೂ ಉರಿಯುತ್ತದೆ.

ನಾನು ಕೂಗಿದೆ. ಗಂಗವ್ವ ಕೂಗಿದಳು. ಅವನು ಓಗೊಡಲಿಲ್ಲ. ಮಹಾದೇವಿ ಫೋನು ಹಿಡಿದು ಮಂದಿಯನ್ನು ಕರೆಯಲು ಬೀದಿಗೆ ಓಡಿದಳು. ಶರಣಪ್ಪ ಹಿತ್ತಿಲಿನಿಂದ ಬಂದವನೇ ಅಂಗಿ ಕಿತ್ತೆಸೆದು ಹಗ್ಗ ತಗೊಂಡ. ಆಗ ದನಿ ಬಂತು.

"ಶರಣ್ಯಾ, ಹಗ್ಗ ಹಿಡಕೊಂಡು ಇಳೀಯಪಾ. ನನ್ನ ಕಾಲು ಸಿಕ್ಕದ."

ಬಸಪ್ಪನ ದನಿ. ಅದರಲ್ಲಿ ನನಗೆ ಸಂಶಯವಿಲ್ಲ. ಅವನು ಶರಣಪ್ಪನನ್ನು ಸಣ್ಣವನಿದ್ದಾಗಿನಿಂದ ಹಾಗೆಯೇ ಕರೆಯುತ್ತಿದ್ದ. ನಾನು ಕೇಳಿದೆ, ಗಂಗವ್ವ ಕೇಳಿದಳು, ಶರಣಪ್ಪ ಕೇಳಿದ.

"ಬಂದೆ ಕಾಕಾ," ಎಂದು ಅವನು ಬಾಯೊಳಗೆ ಒಂದು ಕಾಲು ಇಳಿಬಿಟ್ಟ.

ನಾನು ಅವನ ಜುಟ್ಟು ಹಿಡಿದು ಹಿಂದಕ್ಕೆ ಎಳೆದೆ. ಅವನು ಬೆನ್ನ ಮೇಲೆ ಬಿದ್ದ. ಅವನು ಏಳುವುದರೊಳಗೆ ನಾನು ಹಗೇವಿನ ಬಾಯಿ ಮೇಲೆ ಕೂತುಬಿಟ್ಟೆ. ಬಾಯಿ ಸಣ್ಣದು, ನನ್ನ ಮೈ ಈಗ ದೊಡ್ಡದು. ಯೋಚನೆ ಮಾಡಿ ಕೂತದ್ದಲ್ಲ. ಫೋನಿನವಳ ಮಾತು ಆಗ ನೆನಪಾಯಿತೋ ಇಲ್ಲವೋ ಎಂದು ಕೇಳಿದರೆ, ನೆನಪಾಯಿತು. ಅದೊಂದೇ ನೆನಪಾಯಿತು.

"ಏಳು ಯವ್ವಾ! ಕಾಕಾ ಕರಿಯಾಕತ್ತಾನ, ಕೇಳಸವಲ್ದೇನು?"

"ಕೇಳಸ್ತದ. ನೀ ಇಳೀಬ್ಯಾಡ."

"ವೈನಿ, ಏಳ್ರಿ," ಎಂದಿತು ದನಿ. "ಉಸಿರು ಕಟ್ಟಾಕತ್ತದ."

ಗಂಗವ್ವ ನನ್ನ ಕೂದಲು ಹಿಡಿದು ಜಗ್ಗಿದಳು, ಬೆನ್ನ ಮೇಲೆ ಗುದ್ದಿದಳು. "ಎದ್ದೇಳ ಮುದುಕಿ, ನನ್ನ ಗಂಡ ಬದುಕ್ಯಾನ, ಎದ್ದೇಳ," ಎನ್ನುತ್ತಿದ್ದಳು. ನಾನು ಏಳಲಿಲ್ಲ. ಎರಡೂ ಕೈಯಿಂದ ಕಲ್ಲಿನ ಅಂಚು ಹಿಡಿದು ಕೂತೆ.

ಈಗ ಆ ವಿಚಿತ್ರ ಹೇಳಬೇಕು. ಹಗೇವಿನೊಳಗಿನ ದನಿ ಗುಂಯ್‌ಗುಡಬೇಕಿತ್ತು. ಅದರ ಬಾಯಿ ಮೇಲೆ ನಾನು ಕೂತ ಮೇಲೆ ಅದು ಮಂದವಾಗಬೇಕಿತ್ತು. ಎರಡೂ ಆಗಲಿಲ್ಲ. ಪಡಸಾಲೆಯಲ್ಲಿ ಪಕ್ಕ ಕೂತು ಮಾತಾಡಿದ ಹಾಗೆ ನೆಟ್ಟಗೆ ಕೇಳಿಸುತ್ತಿತ್ತು. ನನ್ನ ಕೆಳಗಿನಿಂದ ಬಂದ ಹಾಗೆಯೂ ಇರಲಿಲ್ಲ, ಭುಜದ ಹತ್ತಿರದಿಂದ ಬಂದ ಹಾಗಿತ್ತು. ನಾನು ತಿರುಗಿ ನೋಡಿದೆ. ಅಲ್ಲಿ ಬೇವಿನ ಗಿಡ, ಕಟ್ಟಿದ ಆಡು. ಮತ್ತೇನಿಲ್ಲ.

ಓಣಿಯ ಮಂದಿ ಓಡಿ ಬರುತ್ತಲೇ ದನಿ ನಿಂತಿತು. ಅವರಲ್ಲಿ ಒಬ್ಬರಿಗೂ ಅದು ಕೇಳಿಸಲಿಲ್ಲ. ನಾನು ಎದ್ದೆ. ಶರಣಪ್ಪನನ್ನು ನಾಲ್ಕು ಮಂದಿ ಹಿಡಿದುಕೊಂಡರು. ಕೊಕ್ಕೆ ಬಿಟ್ಟು ನೋಡಿದರು, ಹತ್ತಲಿಲ್ಲ. ಶಹಾಪುರದಿಂದ ಬೆಂಕಿ ಆರಿಸುವವರ ಗಾಡಿ ಬಂತು. ಅವರಲ್ಲೊಬ್ಬ ಬೆನ್ನಿಗೆ ಗಾಳಿ ಡಬ್ಬಿ ಕಟ್ಟಿಕೊಂಡು ಇಳಿದು ಬಸಪ್ಪನನ್ನು ಮೇಲೆ ಕಳಿಸಿದ. ಅವನ ಬಾಯಿ, ಮೂಗು ಎಲ್ಲ ಹೊಟ್ಟು ತುಂಬಿತ್ತು. ಕಾಲು ಎಲ್ಲಿಯೂ ಸಿಕ್ಕಿಕೊಂಡಿರಲಿಲ್ಲ ಎಂದು ಇಳಿದವನು ಹೇಳಿದ. ನಾನು ಕೇಳಿದ್ದಕ್ಕೆ ಹೇಳಿದ.

ದವಾಖಾನೆಯ ಡಾಕ್ಟರಿಗೂ ಕೇಳಿದೆ. ಹೊಗೆ ಒಳಗಿನ ಗಾಳಿ ತಿಂದಿರುತ್ತದೆ, ಇಳಿದ ಕೂಡಲೇ ಎಚ್ಚರ ತಪ್ಪಿರುತ್ತದೆ, ಕೂಗುವ ಮಾತೇ ಇಲ್ಲ ಅಜ್ಜಿ ಎಂದರು. ಇನ್ನೊಬ್ಬರು ಇಳಿದಿದ್ದರೆ ಎರಡು ಹೆಣ ಒಯ್ಯಬೇಕಾಗಿತ್ತು ಎಂದೂ ಹೇಳಿದರು. ಪಕ್ಕದಲ್ಲಿ ಗಂಗವ್ವ ನಿಂತಿದ್ದಳು.

"ನಾವು ಕೇಳೀವ್ರಿ. ಅವರು ಮಾತಾಡ್ಯಾರ," ಎಂದಳು.

ದುಃಖದಲ್ಲಿ ಹಾಗೆ ಅನ್ನಿಸುತ್ತದೆ ಎಂದರು ಡಾಕ್ಟರು. ಆಕೆಗೆ ದುಃಖವಿತ್ತು, ನಿಜ. ಆದರೆ ದನಿ ಬಂದಾಗ ನಾವಿನ್ನೂ ದುಃಖಕ್ಕೆ ಕೂತಿರಲಿಲ್ಲ. ಅವನು ಬದುಕುತ್ತಾನೆ ಎಂದೇ ಓಡಾಡುತ್ತಿದ್ದೆವು.

ಮಣ್ಣು ಮಾಡಿ ಬಂದ ಮೇಲೆ ಒಂದು ದಿನ ಮಹಾದೇವಿ ಆ ಫೋಟೋ ಇಲ್ಲದಾಕೆಗೆ ಬರೆದಳು. ನಮ್ಮ ಮನೆಯಲ್ಲಿ ಹೀಗಾಯಿತು, ನಿಮಗೆ ಮೊದಲೇ ಹೇಗೆ ಗೊತ್ತಿತ್ತು, ನೀವು ಯಾರು ಎಂದು ಕೇಳಿದಳು. ಬಹಳ ಹೊತ್ತಿನ ಮೇಲೆ ಉತ್ತರ ಬಂತು.

"ನಮ್ಮಲ್ಲಿ ಗಂಡ ಬಿದ್ದ. ಕರೆಯಿತು, ಭಾವ ಇಳಿದ. ಇಬ್ಬರೂ ಕರೆದರು, ಮಗ ಇಳಿದ. ಹಗೇವು ಮುಚ್ಚಿದ ಮೇಲೂ ಕರೆಯಿತು."

ಯಾವ ಊರು ತಾಯಿ ಎಂದು ಕೇಳಿಸಿದೆ. ಅಷ್ಟರೊಳಗೆ ಆಕೆ ಗುಂಪು ಬಿಟ್ಟು ಹೋಗಿದ್ದಳು. ಅಲ್ಲಿದ್ದ ಹೆಂಗಸರಿಗೆ ಅವಳ ಹೆಸರೂ ಗೊತ್ತಿರಲಿಲ್ಲ. ಆಮೇಲೆ ಯಾರೋ ಉಪ್ಪಿನಕಾಯಿಗೆ ಬೂಷ್ಟು ಹಿಡಿದಿದೆ, ಏನು ಮಾಡಲಿ ಎಂದು ಕೇಳಿದರು. ಎಲ್ಲರೂ ಅದಕ್ಕೆ ಉತ್ತರ ಹೇಳತೊಡಗಿದರು.

ನಮ್ಮ ಹಗೇವಿಗೆ ಎರಡು ಟ್ರ್ಯಾಕ್ಟರ್ ಮರಂ ಮಣ್ಣು ಸುರಿಸಿದೆವು. ಅದರಿಂದ ಮತ್ತೆ ಏನೂ ಕೇಳಿಸಿಲ್ಲ. ಇದ್ದದ್ದನ್ನೇ ಹೇಳುತ್ತೇನೆ.

ಮಣ್ಣಿನ ಹೆಂಟೆ ನೀರು ಹಾಕಿದರೆ ಕರಗುತ್ತದೆ, ಕೆಲವು ಮಾತು ಕರಗುವುದಿಲ್ಲ. ಶರಣಪ್ಪ ಒಮ್ಮೆ, ಎತ್ತಿಗೆ ನೀರು ಕುಡಿಸುತ್ತ, ನನ್ನ ಮುಖ ನೋಡದೆ ಕೇಳಿದ.

"ಯವ್ವಾ, ನಾ ಬಿದ್ದು ಕಾಕಾ ಮ್ಯಾಲ ಇದ್ದಿದ್ರ, ಅವನ್ನ ಹಿಡೀತಿದ್ದೀಯೇನು?"

ನಾನು ಸುಳ್ಳು ಹೇಳುವವಳಲ್ಲ. ಅದಕ್ಕೇ ಸುಮ್ಮನಿದ್ದೆ. ಅವನು ಬಕೆಟ್ ಎತ್ತಿಕೊಂಡು ಹೋದ.

ಅವನಿಗೆ ಇಬ್ಬರು ಮಕ್ಕಳಿದ್ದಾರೆ. ಅವನು ಬದುಕಿದ್ದಾನೆ. ಆ ಲೆಕ್ಕದಲ್ಲಿ ಕೂತದ್ದು ಸರಿ, ಇನ್ನೊಮ್ಮೆ ಆದರೂ ಕೂರುತ್ತೇನೆ. ಆದರೆ ಡಾಕ್ಟರು ಹೇಳಿದ್ದು ನಿಜವಾದರೆ ನನ್ನ ಮಗನ ಹೆಸರು ಹಿಡಿದು ಕರೆದದ್ದು ಯಾರು? ನಾವು ಕೇಳಿದ್ದು ನಿಜವಾದರೆ, ಜೀವ ಇದ್ದ ಮನುಷ್ಯನ ಮೇಲೆ ನಾನು ಕೂತಿದ್ದೆ. ನಡುವೆ ಮೂರನೆಯ ದಾರಿ ಇದ್ದರೆ ಓದಿದವರು ಹೇಳಬೇಕು.

ಗಂಗವ್ವ ಈಗ ನಮ್ಮ ಮನೆಯಲ್ಲೇ ಉಣ್ಣುತ್ತಾಳೆ. ಬೇರೆ ಒಲೆ ಹಚ್ಚಬೇಡ ಎಂದು ನಾನೇ ಹೇಳಿದೆ. ನನ್ನನ್ನು ಬಯ್ಯುವುದಿಲ್ಲ, ಹೊಡೆದದ್ದಕ್ಕೆ ತಪ್ಪಾಯಿತು ಎಂದೂ ಅಂದಿಲ್ಲ. ತಾಟಿನ ಮುಂದೆ ಕೂತು ಒಮ್ಮೊಮ್ಮೆ ಕೇಳುತ್ತಾಳೆ.

"ಯಕ್ಕಾ, ತಿಂಥಣಿ ಮೌನಪ್ಪನ ಆಣಿ ಮಾಡಿ ಹೇಳು. ಅದು ಅವರ ದನಿ ಹೌದಿಲ್ಲೋ?"

"ಹೌದು. ಅವಂದೇ ದನಿ."

"ಹಂಗಾರ ಜೀವ ಇತ್ತು."

"ಅದು ನನಗ ಗೊತ್ತಿಲ್ಲ ಗಂಗಿ. ರೊಟ್ಟಿ ಆರಾಕತ್ತದ, ಉಣ್ಣು."

ಉಣ್ಣುತ್ತಾಳೆ. ಕೆಲವು ದಿನ ಬಿಟ್ಟು ಮತ್ತೆ ಕೇಳುತ್ತಾಳೆ. ನಾನೂ ಅದನ್ನೇ ಹೇಳಿ ರೊಟ್ಟಿ ಹಾಕುತ್ತೇನೆ.